ಕೀಟೊದಲ್ಲಿ ಒಂದೇ ಹಗಲು: ಹಳೆಪೇಟೆಯೇ, ಭೂಮಧ್ಯರೇಖೆಯೇ, ಪಿಚಿಂಚಾ ಬೆಟ್ಟವೇ?

ಗಾಲಪಗೋಸ್ ದ್ವೀಪಗಳಿಗೆ ಹೊರಟವರಿಗೂ ಅಮೆಜಾನ್ ಕಾಡಿಗೆ ಹೊರಟವರಿಗೂ ಈಕ್ವೆಡಾರ್‌ನ ರಾಜಧಾನಿ ಕೀಟೊ ಸಾಮಾನ್ಯವಾಗಿ ದಾರಿಯಲ್ಲಿ ಸಿಗುವ ಊರು. ಒಂದು ವಿಮಾನ ಇಳಿದು ಇನ್ನೊಂದನ್ನು ಹತ್ತುವ ನಡುವೆ ಒಂದು ಹಗಲು ಉಳಿಯುತ್ತದೆ. ಆ ಹಗಲಿನಲ್ಲಿ ಏನನ್ನು ನೋಡಬೇಕು ಎಂದು ವಿಚಾರಿಸಿದರೆ ಮೂರು ಹೆಸರುಗಳು ಮುಂದೆ ಬರುತ್ತವೆ: ನಡೆದೇ ನೋಡಬೇಕಾದ ಹಳೆಪೇಟೆ, ಉತ್ತರಕ್ಕೆ ಸುಮಾರು 26 ಕಿಲೋಮೀಟರ್ ದೂರದಲ್ಲಿರುವ ಭೂಮಧ್ಯರೇಖೆಯ ಸ್ಮಾರಕ ಮತ್ತು ಕೇಬಲ್ ಕಾರಿನಲ್ಲಿ ಏರಬಹುದಾದ ಪಿಚಿಂಚಾ ಜ್ವಾಲಾಮುಖಿಯ ಇಳಿಜಾರು. ಮೂರನ್ನೂ ಒಂದೇ ದಿನಕ್ಕೆ ತುರುಕಿ ತೋರಿಸುವ ಪ್ರವಾಸದ ವ್ಯಾನುಗಳೂ ಇವೆ. ಅವನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಏಕೆಂದರೆ ಈ ಊರಿನಲ್ಲಿ ದೂರಕ್ಕಿಂತ ಎತ್ತರ ಮುಖ್ಯ, ಗಡಿಯಾರಕ್ಕಿಂತ ಮೋಡ ಮುಖ್ಯ.

ಕೀಟೊ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 1,930 ಮೀಟರ್; ಅದರ ಮೇಲೆ ಇನ್ನೂ ಒಂಬೈನೂರು ಮೀಟರ್ ಏರಿದರೆ ಕೀಟೊದ ಬೀದಿ ಸಿಗುತ್ತದೆ. ಕರಾವಳಿಯಿಂದಲೋ ಬಯಲುಸೀಮೆಯಿಂದಲೋ ಹೋದ ದೇಹಕ್ಕೆ ಮೊದಲ ದಿನ ಹತ್ತು ಮೆಟ್ಟಿಲು ಏರುವುದೂ ಕೆಲಸವೆನಿಸುತ್ತದೆ, ತಲೆ ಭಾರವಾಗುತ್ತದೆ, ಹಸಿವು ಕಡಿಮೆಯಾಗುತ್ತದೆ, ರಾತ್ರಿ ನಿದ್ದೆ ಮುರಿಯುತ್ತದೆ. ಇನ್ನೊಂದು ಮಾತು ಹಗಲಿನ ಅಳತೆಯದು. ಭೂಮಧ್ಯರೇಖೆಯ ಪಕ್ಕದ ಊರಾದ್ದರಿಂದ ವರ್ಷವಿಡೀ ಸೂರ್ಯ ಬೆಳಗ್ಗೆ ಆರರ ಆಸುಪಾಸಿನಲ್ಲೇ ಹುಟ್ಟುತ್ತಾನೆ, ಸಂಜೆ ಆರು ದಾಟುತ್ತಲೇ ಮುಳುಗುತ್ತಾನೆ. ಬೇಸಿಗೆಯ ಉದ್ದ ಸಂಜೆ ಎಂಬುದು ಇಲ್ಲಿ ಇಲ್ಲ. ಅಕ್ಟೋಬರಿನಿಂದ ಮೇ ತಿಂಗಳವರೆಗಿನ ಮಳೆಗಾಲದಲ್ಲಿ ಬೆಳಗು ತಿಳಿಯಾಗಿದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಬೆಟ್ಟಗಳ ಕಡೆಯಿಂದ ಮೋಡ ಇಳಿದು, ಆಮೇಲೆ ಮಳೆ ಬರುವುದು ವಾಡಿಕೆ. ಹಾಗಾಗಿ ಮೂರು ಸ್ಥಳಗಳಲ್ಲಿ ಯಾವುದು ಚಂದ ಎಂದು ಕೇಳುವುದಕ್ಕಿಂತ, ಇರುವ ಒಂದೇ ಬೆಳಗನ್ನು ಯಾವುದಕ್ಕೆ ಕೊಡಬೇಕು ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ.

ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ: ಯಾವ ವಿಶೇಷ ಕಾರಣವೂ ಇಲ್ಲದಿದ್ದರೆ ಹಳೆಪೇಟೆ. ಯುನೆಸ್ಕೊ 1978ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಆರಂಭಿಸಿದಾಗ ಅದರಲ್ಲಿ ಇದ್ದದ್ದು ಹನ್ನೆರಡೇ ಹೆಸರುಗಳು; ಅವುಗಳಲ್ಲಿ ಪೋಲೆಂಡಿನ ಕ್ರಾಕೊವ್ ಜೊತೆ ಕೀಟೊದ ಹಳೆಪೇಟೆಯೂ ಒಂದು. ಇಂಕಾ ದೊರೆಗಳ ಉತ್ತರದ ಪಟ್ಟಣವಾಗಿದ್ದ ಊರನ್ನು, ಸ್ಪೇನಿನ ಸೈನ್ಯ ತಲುಪುವ ಮೊದಲೇ, ಅದು ಶತ್ರುವಿನ ಕೈಗೆ ಸಿಗಬಾರದೆಂದು ಸೇನಾನಿ ರುಮಿನ್ಯಾವಿ ಸುಟ್ಟುಹಾಕಿದ. ಆ ಬೂದಿಯ ಮೇಲೆ 1534ರ ಡಿಸೆಂಬರ್ 6ರಂದು ಸೆಬಾಸ್ಟಿಯನ್ ದೆ ಬೆನಾಲ್ಕಾಸರ್ ಹೊಸ ಪಟ್ಟಣವನ್ನು ಸ್ಥಾಪಿಸಿದ. ನೇರ ಬೀದಿಗಳು ಒಂದನ್ನೊಂದು ಅಡ್ಡಹಾಯುವ ಚೌಕುಳಿ ನಕ್ಷೆಯನ್ನು ಬೆಟ್ಟಗಳ ನಡುವಿನ ಏರುತಗ್ಗಿನ ಮೇಲೆ ಹಾಸಿರುವುದರಿಂದ, ಭೂಪಟದಲ್ಲಿ ಸರಳವಾಗಿ ಕಾಣುವ ಬೀದಿ ಕಾಲಿಗೆ ಕಡಿದಾಗಿರುತ್ತದೆ.

ನಡಿಗೆಯನ್ನು ಪ್ಲಾಸಾ ಗ್ರಾಂಡೆ ಎಂಬ ಚೌಕದಿಂದ ಆರಂಭಿಸುವುದು ಒಳ್ಳೆಯದು. ಒಂದು ಬದಿಗೆ ರಾಷ್ಟ್ರಾಧ್ಯಕ್ಷರ ಕರೊಂಡೆಲೆಟ್ ಅರಮನೆ, ಇನ್ನೊಂದು ಬದಿಗೆ ಕೆಥೆಡ್ರಲ್, ನಡುವೆ ಸ್ವಾತಂತ್ರ್ಯದ ಸ್ತಂಭ. ಸ್ಪೇನಿನ ಆಡಳಿತದ ವಿರುದ್ಧ 1809ರ ಆಗಸ್ಟ್ 10ರಂದು ಈ ಊರಿನಲ್ಲಿ ಎದ್ದ ಮೊದಲ ದನಿಯ ನೆನಪಿಗೆ ಅದು ನಿಂತಿದೆ. ಸ್ತಂಭದ ಬುಡವನ್ನು ಗಮನಿಸದೆ ಹೋಗಬೇಡಿ: ಗಾಯಗೊಂಡ ಒಂದು ಸಿಂಹ ಅಲ್ಲಿಂದ ಸರಿದು ಹೋಗುತ್ತಿರುವಂತೆ ಕಡೆದಿದ್ದಾರೆ, ಅದು ಸ್ಪೇನ್. ಬಿಡುಗಡೆಯನ್ನು ಖಚಿತಗೊಳಿಸಿದ ಯುದ್ಧ 1822ರ ಮೇ 24ರಂದು ಪಿಚಿಂಚಾ ಬೆಟ್ಟದ ಇಳಿಜಾರಿನಲ್ಲಿ ನಡೆಯಿತು. ಅದನ್ನು ಗೆದ್ದ ಆಂಟೋನಿಯೊ ಹೋಸೆ ದೆ ಸೂಕ್ರೆಯ ಸಮಾಧಿ ಇದೇ ಕೆಥೆಡ್ರಲಿನಲ್ಲಿದೆ, ಇಲ್ಲಿನ ವಿಮಾನ ನಿಲ್ದಾಣಕ್ಕೂ ಅವನದೇ ಹೆಸರು. ಎದುರಿನ ಅರಮನೆಯ ಮೆಟ್ಟಿಲುಗಳ ಬಳಿ 1875ರ ಆಗಸ್ಟ್ 6ರಂದು ಅಧ್ಯಕ್ಷ ಗಾರ್ಸಿಯಾ ಮೊರೆನೊ ಮಚ್ಚಿನೇಟಿಗೆ ಬಲಿಯಾದ. ಇಷ್ಟು ಇತಿಹಾಸ ನೂರು ಹೆಜ್ಜೆಗಳ ಒಳಗೆ ಇದ್ದರೂ ಚೌಕ ಸ್ಮಾರಕದಂತೆ ಬಿಗಿದುಕೊಂಡಿಲ್ಲ. ಬೂಟು ಒರೆಸುವವರು, ಪತ್ರಿಕೆ ಓದುವ ಮುದುಕರು, ಶಾಲೆಯ ಮಕ್ಕಳು ಅಲ್ಲಿನ ಬೆಂಚುಗಳನ್ನು ತಮ್ಮದಾಗಿಸಿಕೊಂಡಿದ್ದಾರೆ.

ಚೌಕದಿಂದ ಕೂಗಳತೆಯಲ್ಲಿರುವ ಲಾ ಕೊಂಪಾನ್ಯಿಯಾ ಚರ್ಚಿಗೆ ಪ್ರವೇಶ ಶುಲ್ಕವಿದೆ. ಒಂದೇ ಕಡೆ ಹಣ ಕೊಡುವುದಿದ್ದರೆ ಇಲ್ಲಿ ಕೊಡಿ. ಜೆಸ್ಯುಯಿಟ್ ಪಾದ್ರಿಗಳು 1605ರಲ್ಲಿ ಆರಂಭಿಸಿದ ಈ ಕಟ್ಟಡ ಮುಗಿದದ್ದು 1765ರಲ್ಲಿ, ಅಂದರೆ ನೂರ ಅರವತ್ತು ವರ್ಷಗಳ ಕೆಲಸ. ಹೊರಗಿನ ಮುಖ ಬೂದುಬಣ್ಣದ ಜ್ವಾಲಾಮುಖಿ ಕಲ್ಲಿನದು. ಒಳಗೆ ಕಾಲಿಟ್ಟ ಕ್ಷಣ ಗೋಡೆ, ಕಮಾನು, ಛಾವಣಿ, ಬಲಿಪೀಠ ಎಲ್ಲವೂ ಚಿನ್ನದ ರೇಕಿನ ಹೊಳಪಿನಲ್ಲಿ ಎದುರಾಗುತ್ತವೆ. ಮೈಸೂರು ಶೈಲಿಯ ಚಿತ್ರದಲ್ಲಿ ದೇವರ ಒಡವೆಗೆ ರೇಕು ಅಂಟಿಸುವುದನ್ನು ನೋಡಿದವರು, ಆ ಅಂಗೈಯಗಲದ ಕೆಲಸ ಇಡೀ ಕಟ್ಟಡದ ಒಳಮೈಯನ್ನು ಹೊದ್ದುಕೊಂಡರೆ ಹೇಗಿರಬಹುದೆಂದು ಕಲ್ಪಿಸಿಕೊಳ್ಳಲಿ. ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಚಿನ್ನವಲ್ಲ, ಬಾಗಿಲ ಬಳಿಯ ಒಂದು ಸುರುಳಿ ಮೆಟ್ಟಿಲು. ಒಂದು ಬದಿಯಲ್ಲಿ ನಿಜವಾದ ಮೆಟ್ಟಿಲಿದೆ. ಎದುರು ಬದಿಯಲ್ಲಿ, ಸಮತೋಲ ಕೆಡಬಾರದೆಂದು, ಅದೇ ಮೆಟ್ಟಿಲನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ.

ಅಲ್ಲಿಂದ ಮೇಲಿನ ಬೀದಿಗೆ ಏರಿದರೆ ಸಾನ್ ಫ್ರಾನ್ಸಿಸ್ಕೊ ಚೌಕ ತೆರೆದುಕೊಳ್ಳುತ್ತದೆ. ಬಿಳಿ ಗೋಡೆಯ ಉದ್ದನೆಯ ಮಠ, ನಡುವೆ ಚರ್ಚು, ಮುಂದೆ ಅರ್ಧಚಂದ್ರಾಕಾರದ ಕಲ್ಲಿನ ಮೆಟ್ಟಿಲುಗಳು, ಹಿಂದೆ ಪಿಚಿಂಚಾ. ಕಟ್ಟಡದ ಬಗ್ಗೆ ಊರಿನವರು ಹೇಳುವ ಕಥೆಯೊಂದಿದೆ. ಕಾಂತುನ್ಯಾ ಎಂಬ ಸ್ಥಳೀಯ ಮೇಸ್ತ್ರಿ ಗಡುವಿನೊಳಗೆ ಕೆಲಸ ಮುಗಿಯದೆಂದು ಹೆದರಿ, ತನ್ನ ಆತ್ಮವನ್ನೇ ಒತ್ತೆಯಿಟ್ಟು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡನಂತೆ. ಬೆಳಗಾಗುವಷ್ಟರಲ್ಲಿ ಎಲ್ಲ ಕಲ್ಲುಗಳೂ ಕೂತಿದ್ದವು, ಒಂದನ್ನು ಬಿಟ್ಟು. ಆ ಒಂದು ಕಲ್ಲಿನ ಕೊರತೆಯಿಂದ ಒಪ್ಪಂದ ಮುರಿದು ಕಾಂತುನ್ಯಾನ ಆತ್ಮ ಉಳಿಯಿತು. ಕಥೆ ಕಥೆಯೇ ಆದರೂ ಅದರ ಹಿಂದಿನ ಸತ್ಯ ದೊಡ್ಡದು: ಇಲ್ಲಿನ ಕಲ್ಲು, ಮರ, ಬಣ್ಣದ ಕೆಲಸವನ್ನು ಬಹುಪಾಲು ಮಾಡಿದವರು ಈ ನೆಲದ ಮೂಲನಿವಾಸಿಗಳು ಮತ್ತು ಮಿಶ್ರಮೂಲದ ಕುಶಲಕರ್ಮಿಗಳು. ಅವರ ಪರಂಪರೆಗೇ ಕೀಟೊ ಶೈಲಿ ಎಂಬ ಹೆಸರು ಬಂತು. ಬೆರ್ನಾರ್ದೊ ದೆ ಲೆಗಾರ್ದಾ 1734ರಲ್ಲಿ ಕಡೆದ ರೆಕ್ಕೆಗಳುಳ್ಳ, ಹೆಜ್ಜೆ ಹಾಕುತ್ತಿರುವ ಮೇರಿಮಾತೆಯ ಮರದ ವಿಗ್ರಹ ಈ ಚರ್ಚಿನ ಮುಖ್ಯ ಪೀಠದಲ್ಲಿದೆ. ಅದನ್ನು ಚೆನ್ನಾಗಿ ನೋಡಿಕೊಳ್ಳಿ. ಊರಿನ ದಕ್ಷಿಣದ ಪಾನೆಸಿಯೊ ಗುಡ್ಡದ ಮೇಲೆ ಎದ್ದು ಕಾಣುವ ಬೃಹತ್ ಪ್ರತಿಮೆ ಇದರದೇ ರೂಪ. ಎಪ್ಪತ್ತರ ದಶಕದಲ್ಲಿ ಸುಮಾರು 7,000 ಅಲ್ಯೂಮಿನಿಯಂ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಆ ಮಾತೆ ಉತ್ತರಕ್ಕೆ ಮುಖ ಮಾಡಿದ್ದಾಳೆ. ದಕ್ಷಿಣದ ದುಡಿಯುವ ಜನರ ಬಡಾವಣೆಗಳವರು ಆಕೆ ತಮಗೆ ಬೆನ್ನು ತಿರುಗಿಸಿದ್ದಾಳೆಂದು ಇಂದಿಗೂ ಹೇಳುತ್ತಾರೆ. ಗುಡ್ಡಕ್ಕೆ ಹೋಗುವುದಾದರೆ ಟ್ಯಾಕ್ಸಿಯಲ್ಲಿ ಹೋಗಿ, ಅದೇ ಟ್ಯಾಕ್ಸಿಯನ್ನು ಕಾಯಿಸಿ ಮರಳಿ. ಕಾಲುದಾರಿಯ ಮೆಟ್ಟಿಲುಗಳಲ್ಲಿ ಕಳ್ಳರ ಭಯವಿದೆ.

ಹಳೆಪೇಟೆಯ ಉತ್ತರದ ತುದಿಯಲ್ಲಿ ಬಸಿಲಿಕಾ ಇದೆ. 1988ರಲ್ಲಿ ಉದ್ಘಾಟನೆಯಾದ ಈ ಗಾಥಿಕ್ ಮಾದರಿಯ ಚರ್ಚಿನ ಹೊರಗೋಡೆಯಲ್ಲಿ, ಯುರೋಪಿನ ಚರ್ಚುಗಳಲ್ಲಿ ಕಾಣುವ ವಿಕಾರ ಮೃಗಗಳ ಬದಲು, ಈಕ್ವೆಡಾರಿನ ಇಗ್ವಾನಾ, ಆಮೆ, ಆರ್ಮಡಿಲೊಗಳು ಹೊರಚಾಚಿವೆ. ಗೋಪುರಗಳಿಗೆ ಹತ್ತಲು ಕಿರಿದಾದ, ಕೆಲವೆಡೆ ಏಣಿಯಂಥ ಕಬ್ಬಿಣದ ಮೆಟ್ಟಿಲುಗಳಿವೆ. ಎತ್ತರಕ್ಕೆ ಅಂಜುವವರು ಕೆಳಗೇ ಉಳಿಯುವುದು ವಾಸಿ, ಮೊದಲ ದಿನದವರಂತೂ ಹತ್ತಲೇಬಾರದು. ಇಷ್ಟಕ್ಕೆ ಐದು ಗಂಟೆ ಬೇಕು. ಇದರಲ್ಲಿ ಮೋಡ ಕೆಡಿಸಬಹುದಾದದ್ದು ಗೋಪುರ ಮತ್ತು ಪಾನೆಸಿಯೊ ಎರಡೇ. ಉಳಿದದ್ದು ಮಳೆಯಲ್ಲೂ ನಡೆಯುತ್ತದೆ. ಹಳೆಪೇಟೆಯ ದೊಡ್ಡ ಅನುಕೂಲವೇ ಇದು.

ಈಗ ಭೂಮಧ್ಯರೇಖೆ. ಮಿತಾದ್ ದೆಲ್ ಮುಂಡೊ, ಅಂದರೆ ಜಗತ್ತಿನ ನಡುಭಾಗ, ಎಂದು ಕರೆಯುವ ಈ ಸ್ಥಳದಲ್ಲಿ 30 ಮೀಟರ್ ಎತ್ತರದ ಕಲ್ಲಿನ ಸ್ಮಾರಕವಿದೆ, ನೆತ್ತಿಯ ಮೇಲೆ ಲೋಹದ ಗೋಳವಿದೆ, ನೆಲದಲ್ಲಿ ಹಳದಿ ಗೆರೆಯಿದೆ. ಹೆಚ್ಚಿನವರು ಒಂದು ಕಾಲನ್ನು ಉತ್ತರಾರ್ಧಗೋಳದಲ್ಲೂ ಇನ್ನೊಂದನ್ನು ದಕ್ಷಿಣಾರ್ಧಗೋಳದಲ್ಲೂ ಇಟ್ಟು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಜಿಪಿಎಸ್ ಪ್ರಕಾರ ನಿಜವಾದ ರೇಖೆ ಅಲ್ಲಿಂದ ಸುಮಾರು 240 ಮೀಟರ್ ಉತ್ತರಕ್ಕಿದೆ ಎಂದು ತಿಳಿದಾಗ ಕೆಲವರು ಮೋಸಹೋದಂತೆ ಬೇಸರಪಡುತ್ತಾರೆ. ಆ ಬೇಸರಕ್ಕೆ ಕಾರಣವಿಲ್ಲ, ಏಕೆಂದರೆ ಸ್ಮಾರಕದ ಮಹತ್ವ ಇರುವುದು ಹಳದಿ ಗೆರೆಯಲ್ಲಲ್ಲ, ಅದು ನೆನಪಿಸುವ ಕೆಲಸದಲ್ಲಿ.

ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದೆಯೇ, ಇಲ್ಲವೇ ಧ್ರುವಗಳ ಕಡೆಗೆ ಉದ್ದವಾಗಿದೆಯೇ ಎಂಬುದು ಹದಿನೆಂಟನೆಯ ಶತಮಾನದ ಆರಂಭದಲ್ಲಿ ತೀರದ ಜಗಳವಾಗಿತ್ತು. ನ್ಯೂಟನ್ ಮೊದಲನೆಯದನ್ನೂ ಫ್ರಾನ್ಸಿನ ಕಸಿನಿ ಮನೆತನದ ಖಗೋಳಜ್ಞರು ಎರಡನೆಯದನ್ನೂ ಹೇಳುತ್ತಿದ್ದರು. ಅದನ್ನು ಇತ್ಯರ್ಥಪಡಿಸಲು ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಒಂದು ತಂಡವನ್ನು ಉತ್ತರದ ಲ್ಯಾಪ್‌ಲ್ಯಾಂಡಿಗೂ ಇನ್ನೊಂದನ್ನು ಇಲ್ಲಿಗೂ ಕಳುಹಿಸಿತು. ಗೊದಾಂ, ಬೂಗೇ, ಲಾ ಕೊಂದಮಿನ್ ಇದ್ದ ತಂಡ 1736ರಲ್ಲಿ ಕೀಟೊ ತಲುಪಿತು. ಸ್ಪೇನಿನ ಇಬ್ಬರು ನೌಕಾಧಿಕಾರಿಗಳು ಜೊತೆಗಿದ್ದರು, ಈ ನಾಡಿನವನೇ ಆದ ಪೆದ್ರೊ ವಿಸೆಂತೆ ಮಾಲ್ದೊನಾದೊ ಮುಂದೆ ಅವರ ಒಡನಾಡಿಯಾದ. ಇಂದಿನ ವಿಮಾನ ನಿಲ್ದಾಣಕ್ಕೆ ಸಮೀಪದ ಯಾರುಕಿ ಬಯಲಿನಲ್ಲಿ, ಮುಂದಿನ ಲೆಕ್ಕಕ್ಕೆಲ್ಲ ತಳಹದಿಯಾಗುವ ಆಧಾರರೇಖೆಯನ್ನು ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತಾ, ಚಳಿ ಮಂಜುಗಳಲ್ಲಿ ವರ್ಷಗಟ್ಟಲೆ ಕಾದು, ದಕ್ಷಿಣದ ಕ್ವೆಂಕಾ ಊರಿನವರೆಗೆ ಭೂಮಿಯ ಬಾಗಿದ ಮೈಮೇಲೆ ಸುಮಾರು ಮೂರು ಅಕ್ಷಾಂಶ ಡಿಗ್ರಿಗಳಷ್ಟು ಉದ್ದವನ್ನು ಅವರು ಅಳೆದರು. ಲ್ಯಾಪ್‌ಲ್ಯಾಂಡಿನ ಅಳತೆಯೊಡನೆ ಹೋಲಿಸಿದಾಗ ನ್ಯೂಟನ್ ಹೇಳಿದ್ದೇ ಸರಿಯೆಂದಾಯಿತು. ಇದೇ ಬಗೆಯ ಅಳತೆಯ ಕನಸನ್ನು ಹೊತ್ತ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಆಧಾರರೇಖೆಯನ್ನು ಎಳೆದನೆಂಬುದನ್ನು ಬಲ್ಲ ಕನ್ನಡಿಗನಿಗೆ ಈ ಸ್ಮಾರಕ ಅಪರಿಚಿತವೆನಿಸುವುದಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ, ಹಗಲು ರಾತ್ರಿ ಸಮವಾಗುವ ವಿಷುವದ ದಿನಗಳಲ್ಲಿ ನಡುಮಧ್ಯಾಹ್ನ ಇಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ನಡುವಿನಲ್ಲೂ ಶೂನ್ಯ ನೆರಳಿನ ದಿನ ನೋಡಿದ ಮಕ್ಕಳು ಕಾರಣವನ್ನು ತಾವೇ ವಿವರಿಸಿಯಾರು.

ಪಕ್ಕದ ಇಂತಿನ್ಯಾನ್ ಎಂಬ ಸಣ್ಣ ಸಂಗ್ರಹಾಲಯದಲ್ಲಿ ಮೊಳೆಯ ತಲೆಯ ಮೇಲೆ ಮೊಟ್ಟೆ ನಿಲ್ಲಿಸುವುದನ್ನೂ, ರೇಖೆಯ ಆಚೆ ಈಚೆ ತೊಟ್ಟಿಯ ನೀರು ಬೇರೆ ಬೇರೆ ದಿಕ್ಕಿಗೆ ಸುಳಿಯುವುದನ್ನೂ ತೋರಿಸುತ್ತಾರೆ. ಮಕ್ಕಳು ಜೊತೆಗಿದ್ದರೆ ಒಂದು ಮಾತು ಹೇಳಿಯೇ ಕರೆದುಕೊಂಡು ಹೋಗಿ: ಭೂಮಿಯ ಆವರ್ತನೆಯ ಪ್ರಭಾವ ಚಂಡಮಾರುತದಂಥ ದೊಡ್ಡ ಚಲನೆಗಳನ್ನು ತಿರುಗಿಸುತ್ತದೆಯೇ ಹೊರತು ಒಂದು ತೊಟ್ಟಿಯ ನೀರನ್ನಲ್ಲ, ಮೊಟ್ಟೆಯನ್ನು ತಾಳ್ಮೆಯಿದ್ದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಸಮಯವಿದ್ದರೆ ಸಮೀಪದ ಪುಲುಲಾವಾ ಜ್ವಾಲಾಮುಖಿಯ ಅಂಚಿಗೆ ಹೋಗುವುದು ಹೆಚ್ಚು ಸಾರ್ಥಕ. ಅದರ ಬಾಯಿಯೊಳಗೆ ಜನ ವಾಸವಿದ್ದಾರೆ, ಮೆಕ್ಕೆಜೋಳದ ಹೊಲಗಳಿವೆ. ಮಧ್ಯಾಹ್ನದ ನಂತರ ಮಂಜು ತುಂಬಿಕೊಂಡು ಏನೂ ಕಾಣದಿರುವುದೇ ಹೆಚ್ಚು, ಆದ್ದರಿಂದ ಮೊದಲು ಪುಲುಲಾವಾ, ಆಮೇಲೆ ಸ್ಮಾರಕ ಎಂಬ ಕ್ರಮ ಇಟ್ಟುಕೊಳ್ಳಿ. ಹೋಗಿಬರಲು ಮೂರು ಗಂಟೆ ಹಿಡಿಯಬಹುದು, ನೋಡಲು ಇನ್ನೆರಡು. ಈ ಆಯ್ಕೆಯ ಪರವಾಗಿ ಯಾರೂ ಅಷ್ಟಾಗಿ ಹೇಳದ ಒಂದು ಅಂಶವಿದೆ: ಸ್ಮಾರಕದ ಸ್ಥಳ ಸುಮಾರು 2,480 ಮೀಟರ್ ಎತ್ತರದ್ದು, ಊರಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ತಗ್ಗು. ಹವೆಯೂ ಒಣಗಿರುತ್ತದೆ, ಬಿಸಿಲಿರುತ್ತದೆ. ಹಿಂದಿನ ರಾತ್ರಿ ಇಳಿದು ತಲೆನೋವಿನಲ್ಲಿ ಎದ್ದವರಿಗೆ ಹಳೆಪೇಟೆಯ ಏರು ಬೀದಿಗಳಿಗಿಂತ ಈ ಸಮತಟ್ಟು ಹಿತ.

ಮೂರನೆಯದು ಪಿಚಿಂಚಾ. ಊರಿನ ಪಶ್ಚಿಮದ ಅಂಚಿನಿಂದ 2005ರಲ್ಲಿ ಆರಂಭವಾದ ಟೆಲೆಫೆರಿಕೊ ಎಂಬ ಕೇಬಲ್ ಕಾರ್ ಸುಮಾರು 3,100 ಮೀಟರಿನಿಂದ 3,900 ಮೀಟರ್ ದಾಟಿದ ಎತ್ತರಕ್ಕೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಒಯ್ಯುತ್ತದೆ. ಬಾನು ತಿಳಿಯಾಗಿದ್ದರೆ ಮೇಲಿಂದ ಕಾಣುವ ನೋಟಕ್ಕೆ ಈ ಊರಿನಲ್ಲಿ ಬೇರೆ ಸಾಟಿಯಿಲ್ಲ: ಕಣಿವೆಯುದ್ದಕ್ಕೂ ಹಬ್ಬಿದ ಕಿರಿದಾದ ಉದ್ದನೆಯ ಕೀಟೊ, ದಕ್ಷಿಣಕ್ಕೆ 5,897 ಮೀಟರಿನ ಕೊಟೊಪಾಕ್ಸಿ, ಪೂರ್ವಕ್ಕೆ ಆಂಟಿಸಾನಾ, ಈಶಾನ್ಯಕ್ಕೆ ಕಯಾಂಬೆ. ಭೂಮಧ್ಯರೇಖೆ ಹಾದುಹೋಗುವ ಜಾಗಗಳಲ್ಲೆಲ್ಲ ಅತ್ಯಂತ ಎತ್ತರದ್ದು ಇರುವುದು ಕಯಾಂಬೆಯ ದಕ್ಷಿಣದ ಇಳಿಜಾರಿನಲ್ಲಿ, ಸುಮಾರು 4,690 ಮೀಟರಿನಲ್ಲಿ. ರೇಖೆಯನ್ನು ಕಾಲಿನಿಂದ ಮುಟ್ಟುವುದಕ್ಕಿಂತ ಹೀಗೆ ಹಿಮದ ಮೇಲೆ ದೂರದಿಂದ ನೋಡುವುದೇ ನನಗೆ ಇಷ್ಟ. ಆದರೆ ಹತ್ತರ ಮೇಲೆ ಹೊರಟರೆ ಮೇಲೆ ಸಿಗುವುದು ಬಿಳಿ ಮಂಜು ಮತ್ತು ಕೊರೆಯುವ ಗಾಳಿ ಮಾತ್ರ ಆಗಿಬಿಡಬಹುದು. ಬೆಳಗ್ಗೆ ಎದ್ದೊಡನೆ ಕಿಟಕಿಯಿಂದ ಬೆಟ್ಟದ ನೆತ್ತಿ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಈ ಆಯ್ಕೆಯನ್ನು ಅಲ್ಲಿಗೇ ಬಿಡಿ. ಅಲ್ಲಿಂದ ಮುಂದೆ ಸುಮಾರು 4,700 ಮೀಟರಿನ ರುಕು ಪಿಚಿಂಚಾ ಶಿಖರಕ್ಕೆ ಕಾಲುದಾರಿಯಿದೆ. ಹೋಗಿಬರಲು ಐದಾರು ಗಂಟೆ ಬೇಕಾಗುವ, ಕೊನೆಯಲ್ಲಿ ಬಂಡೆ ಹತ್ತಬೇಕಾದ ಆ ದಾರಿ ಒಂದು ದಿನದ ಅತಿಥಿಗೆ ಹೇಳಿದ್ದಲ್ಲ.

ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು, ತೀರ ಎಳೆಯ ಮಕ್ಕಳಿರುವವರು ವೈದ್ಯರನ್ನು ಕೇಳದೆ ಪಿಚಿಂಚಾದತ್ತ ಹೋಗಬಾರದು. ಆರೋಗ್ಯವಂತರಿಗೂ ಊರು ತಲುಪಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಅದು ಸಲ್ಲದು. ಆದ್ದರಿಂದ ಸಮುದ್ರಮಟ್ಟದಿಂದ ಬಂದ ಮರುದಿನದ ಬೆಳಗು ಮಾತ್ರ ಕೈಯಲ್ಲಿರುವವರ ಪಾಲಿಗೆ ಆಯ್ಕೆ ಉಳಿಯುವುದು ಎರಡರ ನಡುವೆ. ಹಿರಿಯರು ಜೊತೆಗಿದ್ದರೆ ಅಥವಾ ಭೂಗೋಳ ಓದುವ ವಯಸ್ಸಿನ ಮಕ್ಕಳಿದ್ದರೆ ಭೂಮಧ್ಯರೇಖೆ. ಕಾಲು ಗಟ್ಟಿಯಿದ್ದು, ಕಟ್ಟಡ, ಶಿಲ್ಪ, ಬೀದಿಯ ಬದುಕು ನೋಡುವ ಆಸೆಯಿದ್ದರೆ ಹಳೆಪೇಟೆ. ದ್ವೀಪ ಅಥವಾ ಕಾಡಿನ ಪ್ರವಾಸ ಮುಗಿಸಿ ಮರಳುವಾಗ ದಿನ ಸಿಗುತ್ತದೆ ಎನ್ನುವವರು ಈ ಮೊದಲು ಕೀಟೊದಲ್ಲಿ ಒಂದೆರಡು ರಾತ್ರಿ ಕಳೆದಿದ್ದರೂ ದೇಹ ಆ ಹೊಂದಾಣಿಕೆಯನ್ನು ಮರೆತಿರುತ್ತದೆ ಎಂಬುದನ್ನು ಗಮನದಲ್ಲಿಡಲಿ. ಜೂನಿನಿಂದ ಸೆಪ್ಟೆಂಬರಿನವರೆಗಿನ ಒಣಗಾಲದಲ್ಲಿ, ಆಂಡಿಸ್ ಸೀಮೆಯಲ್ಲೇ ನಾಲ್ಕಾರು ದಿನ ಸುತ್ತಿ ಬಂದವರು ಮಾತ್ರ ಎರಡನ್ನು ಜೋಡಿಸಬಹುದು: ಬೆಳಗ್ಗೆ ಮೊದಲ ಸರದಿಗೇ ಕೇಬಲ್ ಕಾರ್, ಹನ್ನೊಂದರ ಹೊತ್ತಿಗೆ ಕೆಳಗೆ, ಮಧ್ಯಾಹ್ನ ಹಳೆಪೇಟೆ. ಭೂಮಧ್ಯರೇಖೆಯನ್ನು ಬೇರೆ ಯಾವುದರ ಜೊತೆಗೂ ಜೋಡಿಸಲು ಹೋಗಬೇಡಿ, ಸಂಚಾರದ ದಟ್ಟಣೆಯಲ್ಲೇ ದಿನ ಕರಗುತ್ತದೆ.

ಓಡಾಟ ಈಗ ಮೊದಲಿಗಿಂತ ಸುಲಭ. 2023ರ ಡಿಸೆಂಬರ್ 1ರಂದು ಮೆಟ್ರೊ ಆರಂಭವಾಯಿತು. 22 ಕಿಲೋಮೀಟರ್ ಉದ್ದದ ಒಂದೇ ಮಾರ್ಗ, ಹದಿನೈದು ನಿಲ್ದಾಣಗಳು, ಟಿಕೆಟ್ಟಿಗೆ 45 ಸೆಂಟ್. ಅದರ ಸಾನ್ ಫ್ರಾನ್ಸಿಸ್ಕೊ ನಿಲ್ದಾಣದಿಂದ ಮೇಲೆ ಬಂದರೆ ನೇರ ಹಳೆಪೇಟೆಯ ಚೌಕದಲ್ಲಿರುತ್ತೀರಿ. ಭೂಮಧ್ಯರೇಖೆಯ ಕಡೆಗೆ ಓಫೆಲಿಯಾ ಟರ್ಮಿನಲ್ಲಿನಿಂದ ಬಸ್ಸುಗಳಿವೆ. ಮೂರು ನಾಲ್ಕು ಜನರಿದ್ದರೆ ಅರ್ಧ ದಿನಕ್ಕೆ ಟ್ಯಾಕ್ಸಿ ಮಾತನಾಡಿಕೊಳ್ಳುವುದು ಉತ್ತಮ, ಪುಲುಲಾವಾ ಸೇರಿಸಿಕೊಳ್ಳಲು ಅದೇ ದಾರಿ. ದೇಶದ ಹಣ 2000ದಿಂದ ಅಮೆರಿಕದ ಡಾಲರೇ ಆದ್ದರಿಂದ ವಿನಿಮಯದ ತೊಡಕಿಲ್ಲ, ಆದರೆ ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ. ಸೋಮವಾರ ಹಲವು ಮ್ಯೂಸಿಯಂಗಳು ಮುಚ್ಚಿರುತ್ತವೆ, ಭಾನುವಾರ ಚರ್ಚುಗಳಲ್ಲಿ ಪೂಜೆಯ ಹೊತ್ತಿಗೆ ಪ್ರವಾಸಿಗರು ದೂರವಿರಬೇಕು. ಭದ್ರತೆಯ ವಿಷಯವನ್ನು ಮರೆಮಾಚುವುದು ಸರಿಯಲ್ಲ: 2024ರ ಜನವರಿಯಿಂದ ಈಕ್ವೆಡಾರ್ ಸರ್ಕಾರ ಅಪರಾಧಿ ಗುಂಪುಗಳ ವಿರುದ್ಧ ಹೋರಾಡುತ್ತಾ ಆಗಾಗ ತುರ್ತು ಪರಿಸ್ಥಿತಿ ಘೋಷಿಸುತ್ತ ಬಂದಿದೆ. ಹೊರಡುವ ವಾರ ಹೊಸ ಸೂಚನೆಗಳನ್ನು ಓದಿಕೊಳ್ಳಿ, ಫೋನನ್ನು ಬೀದಿಯಲ್ಲಿ ಕೈಯಲ್ಲಿ ಹಿಡಿದು ನಡೆಯಬೇಡಿ, ಕತ್ತಲಾದ ಮೇಲೆ ಜನರಿಲ್ಲದ ಬೀದಿಗಳಿಗೆ ಇಳಿಯಬೇಡಿ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಇದ್ದೇ ಇರುತ್ತದೆ, ಅದರಲ್ಲೂ ಹಳೆಪೇಟೆಯೇ ಮೇಲು. ಆಲೂಗಡ್ಡೆಯ ತವರು ಆಂಡಿಸ್. ಆಲೂಗಡ್ಡೆ, ಚೀಸ್, ಬೆಣ್ಣೆಹಣ್ಣು ಸೇರಿದ ಲೊಕ್ರೊ ಎಂಬ ದಪ್ಪ ಸೂಪು, ಆಲೂಗಡ್ಡೆಯನ್ನೇ ತಟ್ಟಿ ಬೇಯಿಸಿದ ಯಾಪಿಂಗಾಚೊ ಎರಡೂ ಹೊಟ್ಟೆ ತುಂಬಿಸುತ್ತವೆ. ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಸಿಹಿ ಕಿಂಬೊಲಿತೊ ನಮ್ಮ ಅರಿಶಿನ ಎಲೆಯ ಕಡುಬನ್ನು ನೆನಪಿಸುತ್ತದೆ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಮಾಂಸ ಬೇಡ ಎನ್ನಲು ‘ಸಿನ್ ಕಾರ್ನೆ’ ಎಂದಷ್ಟೇ ಹೇಳಿದರೆ ಕೋಳಿ ಬರಬಹುದು, ಅಲ್ಲಿ ಕಾರ್ನೆ ಎಂದರೆ ಸಾಮಾನ್ಯವಾಗಿ ದನದ ಮಾಂಸ; ‘ಸಿನ್ ಪೊಯೊ’ ಎಂಬುದನ್ನೂ ಸೇರಿಸಿ, ಸೂಪಿನ ನೀರು ಯಾವುದೆಂದೂ ಕೇಳಿ. ಮೊದಲ ದಿನ ಊಟ ಹಗುರಾಗಿರಲಿ, ನೀರು ಹೆಚ್ಚಿರಲಿ, ಮದ್ಯ ಬೇಡ.

ಬೆಳಗು ಭೂಮಧ್ಯರೇಖೆಗೋ ಪಿಚಿಂಚಾಕ್ಕೋ ಹೋದವರಿಗೂ ಸಂಜೆ ಐದರಿಂದ ಏಳರವರೆಗೆ ಹಳೆಪೇಟೆಯ ಒಂದು ತುಣುಕು ದಕ್ಕುತ್ತದೆ. ಸಾನ್ ಫ್ರಾನ್ಸಿಸ್ಕೊದ ಮೆಟ್ಟಿಲುಗಳ ಮೇಲೆ ಕೂತು ದೀಪ ಹತ್ತುವುದನ್ನು ನೋಡಿ, ಅಲ್ಲಿಂದ ಜನರಿರುವ ಬೀದಿಗಳಲ್ಲೇ ಲಾ ರೊಂಡಾ ಎಂಬ ಇಕ್ಕಟ್ಟಿನ ಓಣಿಗೆ ಇಳಿಯಬಹುದು. ಬಿಳಿ ಗೋಡೆಗಳ, ಹೂಕುಂಡಗಳ ಆ ಓಣಿಯಲ್ಲಿ ಚೀಸ್ ತುಂಬಿ ಎಣ್ಣೆಯಲ್ಲಿ ಉಬ್ಬಿಸಿ, ಮೇಲೆ ಸಕ್ಕರೆ ಉದುರಿಸಿದ ಎಂಪನಾದಾ ಬಿಸಿಯಾಗಿ ಸಿಗುತ್ತದೆ. ಮರಳಲು ಟ್ಯಾಕ್ಸಿಯನ್ನು ಅಂಗಡಿಯವರಿಂದಲೇ ಕರೆಸಿಕೊಳ್ಳಿ.